97% ಪ್ಲೇಸ್‌ಮೆಂಟ್ ಅಂದರೆ ಎಷ್ಟು ಜನರಲ್ಲಿ 97? ತಂಗಿಗೆ ಯೂನಿವರ್ಸಿಟಿ ಆರಿಸಬೇಕು, ಗೊತ್ತಿರುವವರು ಹೇಳಿ

ಹಳೇಬೆಂಚು:
ಎಲ್ಲರಿಗೂ ನಮಸ್ಕಾರ. ತಂಗಿಗೆ ಎರಡು ಯೂನಿವರ್ಸಿಟಿಗಳಲ್ಲಿ ಸೀಟು ಸಿಕ್ಕಿದೆ, ಎರಡೂ ಕಡೆ ಬಯೋಟೆಕ್ನಾಲಜಿ. ಇನ್ನು ಹತ್ತು ದಿನದಲ್ಲಿ ಫೀಸು ಕಟ್ಟಬೇಕು. ಮೊದಲನೆಯದರ ಬ್ರೋಶರ್ ತೆರೆದರೆ ಸಾಕು, ಪುಟದ ತುಂಬ 97% ಪ್ಲೇಸ್‌ಮೆಂಟ್ ಅಂತ ದೊಡ್ಡ ಅಕ್ಷರ. ಎರಡನೆಯದು ತನ್ನ ವೆಬ್‌ಸೈಟಿನ ಒಂದು ಮೂಲೆಯಲ್ಲಿ 71% ಅಂತ ಹಾಕಿದೆ, ಅಷ್ಟೇ. ಮನೆಯಲ್ಲಿ ಎಲ್ಲರೂ 97ರ ಕಡೆಗೇ ಇದ್ದಾರೆ. 26 ಶೇಕಡಾ ವ್ಯತ್ಯಾಸ ಅಂದರೆ ಕಡಿಮೆ ಅಲ್ವಲ್ಲ ಅಂತ ಅಪ್ಪನ ವಾದ.

ನನಗೂ ಹಾಗೇ ಅನಿಸಿತ್ತು. ಆದರೆ ನಿನ್ನೆ ರಾತ್ರಿ ಬ್ರೋಶರ್ ಮತ್ತೆ ನೋಡುವಾಗ 97ರ ಪಕ್ಕದಲ್ಲಿ ಒಂದು ಪುಟ್ಟ ನಕ್ಷತ್ರದ ಗುರುತು ಕಂಡಿತು. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಪುಟದ ಕೆಳಗಿನ ಸಾಲು ಓದಿದೆ. "ಅರ್ಹ ಮತ್ತು ನೋಂದಾಯಿತ ವಿದ್ಯಾರ್ಥಿಗಳಿಗೆ ಮಾತ್ರ" ಅಂತ ಇತ್ತು. ಅರ್ಹ ಅಂದರೆ ಯಾರು? ನೋಂದಾಯಿತ ಅಂದರೆ ಯಾರು? ಇದರ ಒಳಗಿನ ಲೆಕ್ಕ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಓದಿ ಹೊರಬಂದವರ ಕೆಲಸ, ಸಂಬಳ ನೋಡಿ ಯೂನಿವರ್ಸಿಟಿ ಆರಿಸುವುದು ಸರಿಯಾದ ದಾರಿಯೇನಾ?

ನೀಲಿಶಾಯಿ:
ಒಂದು ಯೂನಿವರ್ಸಿಟಿಯ ಪ್ಲೇಸ್‌ಮೆಂಟ್ ಕಚೇರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಯಾವುದು ಅಂತ ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಲೆಕ್ಕ ಮಾಡಿಯೇ ತೋರಿಸುತ್ತೇನೆ, ಇದು ಬರೀ ಉದಾಹರಣೆ.

ಒಂದು ವಿಭಾಗಕ್ಕೆ 120 ಜನ ಸೇರಿದರು ಅಂದುಕೊಳ್ಳಿ. ಕೊನೆಯ ವರ್ಷಕ್ಕೆ ಬಂದವರು 104. ಅವರಲ್ಲಿ ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇರುವವರನ್ನೂ, ಕಂಪನಿಗಳು ಕೇಳುವಷ್ಟು ಅಂಕ ಇಲ್ಲದವರನ್ನೂ ತೆಗೆದರೆ 78. ಇವರು "ಅರ್ಹರು". ಮುಂದೆ ಓದುತ್ತೇನೆ, ಪರೀಕ್ಷೆ ಬರೆಯುತ್ತೇನೆ, ಮನೆಯ ವ್ಯವಹಾರ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಟ್ಟವರು 16. ಉಳಿದವರು 62. ಇವರು "ನೋಂದಾಯಿತರು". ಇವರಲ್ಲಿ 60 ಜನಕ್ಕೆ ಆಫರ್ ಲೆಟರ್ ಬಂತು. 62ರಲ್ಲಿ 60 ಅಂದರೆ ಸುಮಾರು 97%. ಅದೇ 60 ಜನರನ್ನು ಸೇರಿದ 120 ಜನರಲ್ಲಿ ಲೆಕ್ಕ ಹಾಕಿ, 50% ಆಗುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಮೇಲಿನ ಸಂಖ್ಯೆ ಹಾಗೇ ಇದೆ, ಕೆಳಗಿನ ಸಂಖ್ಯೆ ಬದಲಾಗಿದೆ, ಅಷ್ಟೇ.

ಇದು ಇನ್ನೂ ಆಫರ್ ಲೆಟರ್ ಮಟ್ಟದ ಮಾತು. ಆಫರ್ ಬಂದವರೆಲ್ಲ ಕೆಲಸಕ್ಕೆ ಸೇರುವುದಿಲ್ಲ. ಸೇರುವ ದಿನಾಂಕವನ್ನು ಕಂಪನಿಯೇ ಮುಂದೂಡುತ್ತಾ ಹೋಗುವುದುಂಟು, ಕೊನೆಗೆ ಕರೆಯದೇ ಇರುವುದೂ ಉಂಟು. ಕೆಲವು ಕಡೆ ಒಬ್ಬರಿಗೆ ಮೂರು ಆಫರ್ ಬಂದರೆ ಮೂರನ್ನೂ ಎಣಿಸುತ್ತಾರೆ. ಹಾಗಾಗಿ "ಎಷ್ಟು ಆಫರ್" ಅಂತ ಕೇಳಬೇಡಿ, "ಎಷ್ಟು ಜನ ಸೇರಿದರು" ಅಂತ ಕೇಳಿ.

ಒಂದು ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮ ಎಕ್ಸೆಲ್ ಶೀಟಿನಲ್ಲಿ ಕೊನೆಯ ಕಾಲಂ "ಸ್ಥಿತಿ" ಅಂತ ಇತ್ತು. ಒಬ್ಬ ಹುಡುಗಿ ಎರಡು ಇಂಟರ್ವ್ಯೂಗೆ ಬರಲಿಲ್ಲ, ಆಕೆಯ ಅಪ್ಪ ಆಸ್ಪತ್ರೆಯಲ್ಲಿದ್ದರು. ಎರಡು ಸಲ ತಪ್ಪಿಸಿದರೆ ಹೆಸರು ತೆಗೆಯಬೇಕು ಅಂತ ನಿಯಮ. ಆಕೆಯ ಹೆಸರಿನ ಮುಂದೆ "ಆಸಕ್ತಿ ಇಲ್ಲ" ಅಂತ ನಾನೇ ಟೈಪ್ ಮಾಡಿದೆ. ಆ ಕ್ಷಣಕ್ಕೆ ನಮ್ಮ ಶೇಕಡಾ ಒಂದಿಷ್ಟು ಮೇಲೆ ಹೋಯಿತು. ಕೆಲಸ ಅತ್ಯಂತ ಬೇಕಾಗಿದ್ದ ಹುಡುಗಿ ಲೆಕ್ಕದಿಂದಲೇ ಹೊರಗೆ ಹೋದಳು. ಅವತ್ತಿನಿಂದ ಯಾವ ಪ್ಲೇಸ್‌ಮೆಂಟ್ ಸಂಖ್ಯೆ ನೋಡಿದರೂ ಅದರಿಂದ ಯಾರನ್ನು ಹೊರಗಿಟ್ಟಿದ್ದಾರೆ ಅಂತಲೇ ಮೊದಲು ನೋಡುತ್ತೇನೆ.

ಅಕ್ಕ, ಆ 71% ಇದೆಯಲ್ಲ, ಅದು ಯಾರಲ್ಲಿ 71 ಅಂತ ಮೊದಲು ವಿಚಾರಿಸಿ. ಓದು ಮುಗಿಸಿದ ಎಲ್ಲರಲ್ಲಿ 71 ಆಗಿದ್ದರೆ ಅದು ನಿಮ್ಮ 97ಕ್ಕಿಂತ ಒಳ್ಳೆಯ ಸಂಖ್ಯೆ ಇರಬಹುದು.

ದಾರಿಹೋಕ:
ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆ? ಹೆಸರಾಂತ ಯೂನಿವರ್ಸಿಟಿ ಯಾವುದೋ ಅದಕ್ಕೆ ಸೇರಿಸಿ. ಅಲ್ಲಿ ಓದಿದವರು ಎಲ್ಲಿದ್ದರೂ ಚೆನ್ನಾಗಿರುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಮೊದಲಪೀಳಿಗೆ:
ದಾರಿಹೋಕ ಅವರೇ, ನಾನೂ ಹೀಗೇ ನಂಬಿದ್ದೆ. ಆದರೆ ಅಲ್ಲಿ ಓದಿದ್ದಕ್ಕೆ ಚೆನ್ನಾಗಿದ್ದಾರೋ, ಚೆನ್ನಾಗಿ ಓದುವವರೇ ಅಲ್ಲಿಗೆ ಹೋಗಿದ್ದರಿಂದಲೋ? ಇದನ್ನು ಬಿಡಿಸುವುದು ಕಷ್ಟ. ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಒಂದು ಜಾಣ ದಾರಿಯಲ್ಲಿ ನೋಡಿದರು, 2002ರಲ್ಲಿ ಪ್ರಕಟವಾಯಿತು. ಒಂದೇ ಥರದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಥರದ ಕಡೆ ಸೀಟು ಸಿಕ್ಕಿದವರನ್ನು ಹೋಲಿಸಿದರು. ಕೆಲವರು ದೊಡ್ಡ ಹೆಸರಿನ ಕಡೆ ಸೇರಿದ್ದರು, ಕೆಲವರು ಸೀಟು ಸಿಕ್ಕರೂ ಬೇರೆ ಕಡೆ ಸೇರಿದ್ದರು. ಇವರೆಲ್ಲ 1976ರಲ್ಲಿ ಕಾಲೇಜು ಸೇರಿದವರು. ವರ್ಷಗಳಾದ ಮೇಲೆ ಸಂಬಳ ನೋಡಿದರೆ ಈ ಎರಡು ಗುಂಪಿನ ನಡುವೆ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ಅಂದರೆ ಹೆಸರಿನದು ಅಂತ ನಾವು ಅಂದುಕೊಂಡಿದ್ದರಲ್ಲಿ ಬಹುಪಾಲು ಆ ಹುಡುಗರದ್ದೇ ಆಗಿತ್ತು.

ಆದರೆ ಇಲ್ಲೊಂದು ಮುಖ್ಯ ಮಾತಿದೆ, ಇದನ್ನು ಬಿಟ್ಟು ಹೇಳಿದರೆ ಅರ್ಧ ಸತ್ಯ ಹೇಳಿದ ಹಾಗೆ. ಬಡ ಮನೆಗಳಿಂದ ಬಂದವರಿಗೆ ಮಾತ್ರ ಕಾಲೇಜು ಯಾವುದು ಅನ್ನುವುದು ನಿಜವಾಗಿಯೂ ವ್ಯತ್ಯಾಸ ಮಾಡಿತ್ತು. ಮುಂದೆ ಅವರೇ ಮಾಡಿದ ಇನ್ನೊಂದು ಅಧ್ಯಯನದಲ್ಲೂ, ತಂದೆತಾಯಿ ಹೆಚ್ಚು ಓದಿರದ ಮಕ್ಕಳಿಗೆ ಲಾಭ ಕಂಡಿತು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇಂಟರ್ನ್‌ಶಿಪ್ ಅಂದರೇನು, ರೆಸ್ಯೂಮೆ ಹೇಗೆ ಬರೆಯಬೇಕು, ಯಾರಿಗೆ ಮೇಲ್ ಹಾಕಬೇಕು, ಯಾವುದೂ ಗೊತ್ತಿರಲಿಲ್ಲ. ಹಾಸ್ಟೆಲ್‌ನ ಸೀನಿಯರ್ ಅಕ್ಕ ಒಬ್ಬರು ತಮ್ಮ ರೆಸ್ಯೂಮೆಯನ್ನೇ ಕೊಟ್ಟು "ಇದರ ಮೇಲೆ ನಿನ್ನದು ಬರಿ" ಅಂದರು. ಮನೆಯಲ್ಲಿ ಹೇಳಿಕೊಡುವವರು ಇದ್ದವರಿಗೆ ಇದು ದೊಡ್ಡದಲ್ಲ. ನನಗೆ ಅದೇ ಎಲ್ಲ. ಆದ್ದರಿಂದ ಯೂನಿವರ್ಸಿಟಿ ಯಾವುದಾದರೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅದು ಯಾರಿಗೆ ಏನು ಕೊಡುತ್ತದೆ ಅಂತ ನೋಡಿ ಅನ್ನುತ್ತಿದ್ದೇನೆ.

ದಾರಿಹೋಕ:
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಅತಿ ದೊಡ್ಡ ಕಂಪನಿಗಳು ಕೆಲವೇ ಕ್ಯಾಂಪಸ್‌ಗೆ ಹೋಗುತ್ತವೆ ಅನ್ನುವುದೂ ನಿಜ ತಾನೇ?

ಮೊದಲಪೀಳಿಗೆ:
ನಿಜ. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಅಮೆರಿಕದ ಹಾರ್ವರ್ಡ್, ಯೇಲ್ ಥರದ ಹನ್ನೆರಡು ಕಾಲೇಜುಗಳ ಬಗ್ಗೆ ಮಾಡಿದ ಕೆಲಸದಲ್ಲಿ ಬಂದದ್ದೂ ಇದೇ. ಸರಾಸರಿ ಸಂಬಳದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಆದರೆ ತೀರಾ ಮೇಲಿನ 1% ಸಂಪಾದಕರ ಸಾಲಿಗೆ ಹೋಗುವ ಸಾಧ್ಯತೆ ಅಲ್ಲಿ ಜಾಸ್ತಿ. ನೀವು ಹೇಳಿದ್ದು ಆ ತುದಿಗೆ ಸರಿ. ಹಳೇಬೆಂಚು ಅವರ ಎರಡು ಯೂನಿವರ್ಸಿಟಿಗಳ ಮಧ್ಯೆ ಆರಿಸುವುದಕ್ಕೆ ಆ ತುದಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ ಅನಿಸುತ್ತದೆ.

ಎಣಿಕೆ:
ದತ್ತಾಂಶದ ಕೆಲಸ ನನ್ನದು, ಅದಕ್ಕೇ ಎರಡು ಮಾತು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಒಂದು, ಯಾವಾಗ ಎಣಿಸಿದರು ಅನ್ನುವುದು. ಬ್ರಿಟನ್ನಿನಲ್ಲಿ ಮೊದಲು ಓದು ಮುಗಿದ ಆರು ತಿಂಗಳಿಗೆ ಏನು ಮಾಡುತ್ತಿದ್ದೀರಿ ಅಂತ ಕೇಳುತ್ತಿದ್ದರು. ಆರು ತಿಂಗಳಲ್ಲಿ ಎಷ್ಟೋ ಜನ ಕೈಗೆ ಸಿಕ್ಕಿದ ಕೆಲಸ ಮಾಡುತ್ತಿರುತ್ತಾರೆ. ಈಗ ಅದನ್ನು 15 ತಿಂಗಳಿಗೆ ತಳ್ಳಿದ್ದಾರೆ. 2017-18ರಲ್ಲಿ ಓದು ಮುಗಿಸಿದವರಿಂದ ಈ ಹೊಸ ಸಮೀಕ್ಷೆ ಶುರುವಾಯಿತು. ಅದಲ್ಲದೆ ತೆರಿಗೆ ದಾಖಲೆಯನ್ನೇ ಓದಿನ ದಾಖಲೆಗೆ ಜೋಡಿಸಿ ಒಂದು, ಮೂರು, ಐದು, ಹತ್ತು ವರ್ಷದ ನಂತರದ ಸಂಪಾದನೆಯನ್ನೂ ಪ್ರಕಟಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಓದು ಮುಗಿದ ಕೆಲವೇ ತಿಂಗಳಲ್ಲಿ ಒಂದು ಸಲ, ಮೂರು ವರ್ಷದ ನಂತರ ಇನ್ನೊಂದು ಸಲ ಕೇಳುತ್ತಾರೆ. ಬಯೋಟೆಕ್ ಥರದ ವಿಷಯಕ್ಕೆ ಇದು ತುಂಬ ಮುಖ್ಯ. ಅಲ್ಲಿ ಒಳ್ಳೆಯ ಕೆಲಸಕ್ಕೆ ಎಂಎಸ್‌ಸಿಯೋ ಪಿಎಚ್‌ಡಿಯೋ ಬೇಕಾಗುತ್ತದೆ. ಡಿಗ್ರಿ ಮುಗಿದ ದಿನವೇ ಎಣಿಸಿದರೆ, ಮುಂದೆ ಓದಲು ಹೋದ ಚುರುಕಾದ ಹುಡುಗರೆಲ್ಲ ಕೆಲಸ ಸಿಗದವರ ಹಾಗೆ ಕಾಣುತ್ತಾರೆ, ಇಲ್ಲವೇ ಲೆಕ್ಕಕ್ಕೇ ಬರುವುದಿಲ್ಲ.

ಎರಡು, ಯಾರನ್ನು ಎಣಿಸಿದರು ಅನ್ನುವುದು. ಸರ್ಕಾರಿ ದತ್ತಾಂಶದಲ್ಲೂ ಇದು ಇರುತ್ತದೆ. ಅಮೆರಿಕ ಸರ್ಕಾರದ, ಕಾಲೇಜುಗಳನ್ನು ಹೋಲಿಸಿ ನೋಡುವ ವೆಬ್‌ಸೈಟ್ ಕಾಲೇಜ್ ಸ್ಕೋರ್‌ಕಾರ್ಡ್ ಎಷ್ಟು ಒಳ್ಳೆಯದಾದರೂ, ಅದರ ಸಂಬಳದ ಸಂಖ್ಯೆಗಳು ಕೇಂದ್ರ ಸರ್ಕಾರದ ಸಾಲವನ್ನೋ ನೆರವನ್ನೋ ಪಡೆದ ವಿದ್ಯಾರ್ಥಿಗಳದ್ದು ಮಾತ್ರ. ಭಾರತದಲ್ಲಿ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಹೋಗುವ ಸಂಸ್ಥೆಗಳು ತಾವು ಕೊಟ್ಟ ವಿವರವನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಬ್ರೋಶರ್ ಬದಿಗಿಟ್ಟು ಆ ಪಿಡಿಎಫ್ ತೆರೆಯಿರಿ. ಮೊದಲ ವರ್ಷಕ್ಕೆ ಎಷ್ಟು ಜನ ಸೇರಿದರು, ನಿಗದಿತ ಸಮಯಕ್ಕೆ ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ, ಎಷ್ಟು ಜನ ಮುಂದಿನ ಓದಿಗೆ, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ನೀಲಿಶಾಯಿ ಹೇಳಿದ 120 ಅಲ್ಲಿ ಕಣ್ಣಿಗೆ ಕಾಣುತ್ತದೆ. ಕೆಲವು ಕೊರತೆ ಇವೆ. ಅದು ಸಂಸ್ಥೆಗಳೇ ಕೊಟ್ಟ ವಿವರ. ಮತ್ತೆ ನಾಲ್ಕು ವರ್ಷದ ಎಲ್ಲ ಕೋರ್ಸುಗಳನ್ನೂ ಒಟ್ಟಿಗೆ ಹಾಕಿರುತ್ತಾರೆ, ಬಯೋಟೆಕ್ ಬೇರೆಯಾಗಿ ಸಿಗುವುದಿಲ್ಲ. ಸಂಬಳವೂ ಕೆಲಸ ಸಿಕ್ಕಿದವರದ್ದು ಮಾತ್ರ. ಆದರೂ ಅಲ್ಲಿ ಸರಾಸರಿ ಬದಲು ಮಧ್ಯಾಂಕ ಇರುತ್ತದೆ, ಅದೊಂದು ಸಮಾಧಾನ.

ಮಧ್ಯಾಂಕ ಯಾಕೆ ಅಂದರೆ, ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ತಿಂಗಳಿಗೆ 20 ಸಾವಿರ, ಒಬ್ಬರಿಗೆ 2 ಲಕ್ಷ ಅಂದುಕೊಳ್ಳಿ. ಸರಾಸರಿ 38 ಸಾವಿರ ಬರುತ್ತದೆ. ಆ ಹತ್ತು ಜನರಲ್ಲಿ 38 ಸಾವಿರ ತೆಗೆದುಕೊಳ್ಳುವವರು ಒಬ್ಬರೂ ಇಲ್ಲ! ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಮಧ್ಯದಲ್ಲಿ ನಿಲ್ಲುವವರ ಸಂಬಳವೇ ಮಧ್ಯಾಂಕ. ಇಲ್ಲಿ ಅದು 20 ಸಾವಿರ. "ಅತಿ ಹೆಚ್ಚಿನ ಪ್ಯಾಕೇಜ್" ಅಂತ ಹಾಕುತ್ತಾರಲ್ಲ, ಅದು ಒಬ್ಬರ ಕಥೆ. ಅದನ್ನು ನೋಡಿ ಫೀಸು ಕಟ್ಟಬೇಡಿ.

ಬಿಳಿಕೋಟು:
ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ನಾನೂ ಬಯೋಟೆಕ್. ಒಂದು ಮಾತು ಸೇರಿಸುತ್ತೇನೆ. "ಪ್ಲೇಸ್ ಆದರು" ಅಂದಾಗ ಯಾವ ಕೆಲಸಕ್ಕೆ ಅಂತ ಕೇಳಿ. ನಮ್ಮ ಬ್ಯಾಚ್‌ನಲ್ಲಿ ಆಫರ್ ಸಿಕ್ಕಿದ್ದರಲ್ಲಿ ಬಹಳಷ್ಟು ಕೋಡಿಂಗ್, ಕಾಲ್ ಸೆಂಟರ್, ಮಾರಾಟದ ಕೆಲಸಗಳು. ಅವು ಕೆಟ್ಟ ಕೆಲಸ ಅಂತ ಅಲ್ಲ, ಕೆಲವರು ಖುಷಿಯಾಗಿ ಹೋದರು. ಆದರೆ ನಾಲ್ಕು ವರ್ಷ ಪಿಪೆಟ್ ಹಿಡಿದು ಕಲಿತಿದ್ದು ಅಲ್ಲಿ ಏನೂ ಬೇಕಾಗಲಿಲ್ಲ. ತಂಗಿಗೆ ಲ್ಯಾಬ್ ಇಷ್ಟವಾಗಿದ್ದರೆ ಆ 97ರಲ್ಲಿ ಎಷ್ಟು ಜನ ಲ್ಯಾಬ್‌ಗೆ ಹೋದರು ಅಂತ ನೋಡಬೇಕು. ಎಣಿಕೆ ಅವರು ಹೇಳಿದ ಬ್ರಿಟನ್ ಸಮೀಕ್ಷೆಯಲ್ಲಿ ನನಗೆ ಇಷ್ಟವಾದದ್ದು ಇದೇ. ಈ ಕೆಲಸ ನಿಮಗೆ ಅರ್ಥಪೂರ್ಣ ಅನಿಸುತ್ತದೆಯಾ, ಕಲಿತದ್ದು ಉಪಯೋಗಕ್ಕೆ ಬರುತ್ತಿದೆಯಾ, ಮುಂದೆ ಏನು ಮಾಡಬೇಕು ಅಂದುಕೊಂಡಿದ್ದೀರೋ ಅದಕ್ಕೆ ಇದು ಹೊಂದುತ್ತದೆಯಾ ಅಂತಲೂ ಅಲ್ಲಿ ಕೇಳುತ್ತಾರೆ.

ಟೀಚರ್, ನರ್ಸ್, ಕಲಾವಿದರು, ಇವರೆಲ್ಲರ ಓದನ್ನು ಸಂಬಳದಿಂದ ಮಾತ್ರ ಅಳೆದರೆ ಅನ್ಯಾಯ.

ಹೊಸಬ್ಯಾಚ್:
ನಾನು ಓದು ಮುಗಿಸಿದ್ದು 2020ರಲ್ಲಿ. ನಮ್ಮ ಬ್ಯಾಚ್‌ನ ಸಂಖ್ಯೆ ನೋಡಿ ನಮ್ಮ ಯೂನಿವರ್ಸಿಟಿಯನ್ನು ಅಳೆದರೆ ತಪ್ಪಾಗುತ್ತದೆ. ಬಂದಿದ್ದ ಆಫರ್ ವಾಪಸ್ ಹೋದವು. ಹಿಂದಿನ ವರ್ಷದ ಸೀನಿಯರ್‌ಗಳಿಗೂ ನಮಗೂ ಅದೇ ಮೇಷ್ಟ್ರು, ಅದೇ ಲ್ಯಾಬ್, ಅದೇ ಪಾಠ. ಒಂದು ವರ್ಷದ ಸಂಖ್ಯೆ ನೋಡಬೇಡಿ, ಕನಿಷ್ಠ ಮೂರು ವರ್ಷದ್ದು ನೋಡಿ.

ಎಣಿಕೆ:
ಇದು ಬಹಳ ಸರಿ. ಕೆನಡಾದಲ್ಲಿ ಆರ್ಥಿಕ ಹಿಂಜರಿತದ ಹೊತ್ತಿನಲ್ಲಿ ಡಿಗ್ರಿ ಮುಗಿಸಿದವರ ಸಂಪಾದನೆಯನ್ನು ವರ್ಷಗಟ್ಟಲೆ ನೋಡಿದ ಅಧ್ಯಯನವೊಂದು ಇದೆ, 2012ರಲ್ಲಿ ಬಂತು. ಶುರುವಿನಲ್ಲಿ ಅವರ ಸಂಪಾದನೆ ಸುಮಾರು 9% ಕಡಿಮೆ ಇತ್ತು. ಆ ಅಂತರ ಮುಚ್ಚುವುದಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ತಪ್ಪು ಯೂನಿವರ್ಸಿಟಿಯದ್ದೂ ಅಲ್ಲ, ಹುಡುಗರದ್ದೂ ಅಲ್ಲ. ಚಿಕ್ಕ ವಿಭಾಗಗಳಲ್ಲಂತೂ ಇನ್ನೂ ಹುಷಾರಾಗಿರಬೇಕು. 25 ಜನರ ತರಗತಿಯಲ್ಲಿ ಇಬ್ಬರು ಆಚೆ ಈಚೆ ಆದರೆ 8% ಬದಲಾಗುತ್ತದೆ.

ಹಳೇಬೆಂಚು:
ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಐದು ದಿನದಲ್ಲಿ ಏನಾಯಿತು ಅಂತ ಬರೆಯುತ್ತೇನೆ.

ಎರಡೂ ಕಡೆ ಫೋನ್ ಮಾಡಿದೆ. 97ರ ಕಡೆ ಫೋನ್ ತೆಗೆದವರು ತುಂಬ ಮರ್ಯಾದೆಯಿಂದ ಮಾತಾಡಿದರು. ಬಯೋಟೆಕ್ ವಿಭಾಗದಲ್ಲಿ ಸೇರಿದವರು ಎಷ್ಟು, ಕೆಲಸಕ್ಕೆ ಹೋದವರು ಎಷ್ಟು ಅಂತ ಮೂರು ಸಲ ಬೇರೆ ಬೇರೆ ರೀತಿ ಕೇಳಿದೆ. ಮೂರು ಸಲವೂ ಇಡೀ ಯೂನಿವರ್ಸಿಟಿಯ 97ನ್ನೇ ಹೇಳಿದರು. ಬ್ರೋಶರ್ ಮತ್ತೆ ಕಳಿಸಿಕೊಟ್ಟರು. ಮೇಲ್ ಹಾಕಿದೆ, ಇವತ್ತಿನವರೆಗೂ ಉತ್ತರ ಬಂದಿಲ್ಲ.

71ರ ಕಡೆ ಆಫೀಸಿನವರಿಗೆ ಗೊತ್ತಿರಲಿಲ್ಲ, ವಿಭಾಗದ ಮುಖ್ಯಸ್ಥರ ಮೇಲ್ ವಿಳಾಸ ಕೊಟ್ಟರು. ಅವರು ಎರಡೇ ದಿನದಲ್ಲಿ ಒಂದು ಪುಟದ ಪಟ್ಟಿ ಕಳಿಸಿದರು. ಹೆಸರು ಇಲ್ಲ, ಬರೀ ಸಂಖ್ಯೆ. ಮೂರು ಬ್ಯಾಚ್. ಸೇರಿದವರು, ಮುಗಿಸಿದವರು, ಮುಂದೆ ಓದಲು ಹೋದವರು, ಬಯೋಟೆಕ್‌ಗೇ ಸಂಬಂಧಪಟ್ಟ ಕೆಲಸಕ್ಕೆ ಹೋದವರು, ಬೇರೆ ಕೆಲಸಕ್ಕೆ ಹೋದವರು, ಇನ್ನೂ ಹುಡುಕುತ್ತಿರುವವರು. ಕೊನೆಯಲ್ಲಿ ಇನ್ನೊಂದು ಸಾಲು: "ಸಂಪರ್ಕಕ್ಕೆ ಸಿಗದವರು, 9". ಆ ಸಾಲು ನೋಡಿ ನನಗೂ ತಂಗಿಗೂ ಒಂದು ಥರ ನಂಬಿಕೆ ಬಂತು. ಆ 9 ಜನರನ್ನು ಅವರು ಸುಲಭವಾಗಿ ಬಿಟ್ಟುಬಿಡಬಹುದಿತ್ತು, ಅಲ್ವಾ? 71 ಅನ್ನುವುದು ಕೆಲಸ ಮತ್ತು ಮುಂದಿನ ಓದು ಎರಡೂ ಸೇರಿ, ಸೇರಿದ ಎಲ್ಲರನ್ನೂ ಕೆಳಗಿಟ್ಟು ಹಾಕಿದ ಲೆಕ್ಕ.

ಇನ್ನೊಂದು ಕೆಲಸ ತಂಗಿಯೇ ಮಾಡಿದಳು. ಲಿಂಕ್ಡ್‌ಇನ್‌ನಲ್ಲಿ ಎರಡೂ ಕಡೆಯ ಬಯೋಟೆಕ್ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ, ಓದು ಮುಗಿಸಿ ಐದು ವರ್ಷ ಆದವರನ್ನು ಮಾತ್ರ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ಎಡಗಡೆ ಪುಟಕ್ಕೆ 97ರ ಯೂನಿವರ್ಸಿಟಿ, ಬಲಗಡೆ ಪುಟಕ್ಕೆ 71ರದ್ದು. ಮೊದಲ ಕೆಲಸ ಏನು, ಈಗಿನ ಕೆಲಸ ಏನು. ಎಡಗಡೆ ಮೊದಲ ಕೆಲಸಗಳು ಬೇಗ ಸಿಕ್ಕಿವೆ, ಆದರೆ ಬಹುತೇಕ ಎಲ್ಲ ಬೇರೆ ಕ್ಷೇತ್ರದವು. ಬಲಗಡೆ ಒಂದೆರಡು ವರ್ಷ ಖಾಲಿ ಅಥವಾ ಎಂಎಸ್‌ಸಿ, ಆಮೇಲೆ ಲ್ಯಾಬ್, ಔಷಧ ಕಂಪನಿ, ಸಂಶೋಧನೆ.

ನೀಲಿಶಾಯಿ:
ಬಹಳ ಒಳ್ಳೆಯ ಕೆಲಸ ಮಾಡಿದ್ದಾಳೆ. ಒಂದು ಎಚ್ಚರಿಕೆ ಮಾತ್ರ. ಲಿಂಕ್ಡ್‌ಇನ್‌ನಲ್ಲಿ ಕಾಣುವವರು ಚೆನ್ನಾಗಿರುವವರೇ ಜಾಸ್ತಿ. ಕೆಲಸ ಸಿಗದೆ ಸುಮ್ನೆ ಮನೆಯಲ್ಲಿರುವವರು ಅಲ್ಲಿ ಪ್ರೊಫೈಲ್ ಹಾಕುವುದಿಲ್ಲ. ಎರಡೂ ಪುಟಗಳಲ್ಲಿ ಇರುವವರು ಗೆದ್ದವರು ಅಂತ ಇಟ್ಟುಕೊಂಡೇ ಓದಿ. ಗೆದ್ದವರು ಎಂಥ ಕಡೆ ಗೆದ್ದರು ಅಂತ ಅದು ಹೇಳುತ್ತದೆ, ಎಷ್ಟು ಜನ ಅಂತ ಹೇಳುವುದಿಲ್ಲ. ಸಾಧ್ಯವಾದರೆ ಈಗ ಕೊನೆಯ ವರ್ಷದಲ್ಲಿರುವ ಒಬ್ಬಿಬ್ಬರ ಜೊತೆ ತಂಗಿ ನೇರವಾಗಿ ಮಾತಾಡಲಿ. ಕಂಪನಿಗಳು ಬರುವ ದಿನ ಬಯೋಟೆಕ್‌ನವರನ್ನು ಕೂರಿಸುತ್ತಾರಾ, ಇಲ್ಲವೇ "ನಿಮ್ಮ ಬ್ರಾಂಚ್‌ಗೆ ಇಲ್ಲ" ಅಂತ ಬಾಗಿಲಲ್ಲೇ ಕಳಿಸುತ್ತಾರಾ ಅಂತ ಕೇಳಲಿ. ಇದು ಯಾವ ಪಿಡಿಎಫ್‌ನಲ್ಲೂ ಇರುವುದಿಲ್ಲ.

ಹಳೇಬೆಂಚು:
ಮಾತಾಡಿದಳು ಸರ್, ಬಲಗಡೆ ಪುಟದ ಒಬ್ಬ ಸೀನಿಯರ್ ಜೊತೆ ಮುಕ್ಕಾಲು ಗಂಟೆ. ಕಂಪನಿಗಳು ಕಡಿಮೆ ಬರುತ್ತವೆ, ಮೊದಲ ವರ್ಷ ಕಷ್ಟವೇ, ಆದರೆ ಮೂರನೇ ವರ್ಷದಿಂದ ಮೇಷ್ಟ್ರೇ ಬೇಸಿಗೆಗೆ ಬೇರೆ ಲ್ಯಾಬ್‌ಗಳಿಗೆ ಪತ್ರ ಬರೆದು ಕಳಿಸುತ್ತಾರೆ ಅಂದಿದ್ದಾರೆ. ಅಪ್ಪ ನೋಟ್‌ಬುಕ್ ಎರಡು ಸಲ ತಿರುವಿ ನೋಡಿದರು. ನಿನ್ನೆ 71ರ ಕಡೆ ಫೀಸು ಕಟ್ಟಿದೆವು.

ಕೊನೆಬೆಂಚಿನಹುಡುಗ:
ಅಕ್ಕ, ನನಗೂ ಮುಂದಿನ ವಾರ ಇದೇ ಗೊಂದಲ. ವಿಭಾಗದ ಮುಖ್ಯಸ್ಥರಿಗೆ ಹಾಕಿದ ಮೇಲ್‌ನಲ್ಲಿ ಏನು ಬರೆದಿದ್ದಿರಿ, ಸ್ವಲ್ಪ ಇಲ್ಲಿ ಹಾಕುತ್ತೀರಾ?

ಹಳೇಬೆಂಚು:
ಖಂಡಿತ. ಇದನ್ನೇ ಕಾಪಿ ಮಾಡಿಕೊಳ್ಳಪ್ಪ, ವಿಷಯದ ಹೆಸರು ಮಾತ್ರ ಬದಲಾಯಿಸು.

"ಮಾನ್ಯರೇ, ನನ್ನ ತಂಗಿಗೆ ನಿಮ್ಮ ಬಯೋಟೆಕ್ನಾಲಜಿ ವಿಭಾಗದಲ್ಲಿ ಸೀಟು ಸಿಕ್ಕಿದೆ. ಸೇರುವ ಮೊದಲು ಕೆಲವು ವಿಷಯ ತಿಳಿದುಕೊಳ್ಳಬೇಕಿತ್ತು. ನಿಮ್ಮ ವಿಭಾಗದ ಕಳೆದ ಮೂರು ಬ್ಯಾಚ್‌ಗಳಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಸಮಯಕ್ಕೆ ಓದು ಮುಗಿಸಿದರು? ಅವರಲ್ಲಿ ಎಷ್ಟು ಜನ ಮುಂದೆ ಓದುತ್ತಿದ್ದಾರೆ, ಎಷ್ಟು ಜನ ಇದೇ ಕ್ಷೇತ್ರದ ಕೆಲಸದಲ್ಲಿದ್ದಾರೆ, ಎಷ್ಟು ಜನ ಬೇರೆ ಕೆಲಸದಲ್ಲಿದ್ದಾರೆ? ಆಫರ್ ಬಂದವರ ಬದಲು ಕೆಲಸಕ್ಕೆ ಸೇರಿದವರ ಸಂಖ್ಯೆ ಕೊಟ್ಟರೆ ಅನುಕೂಲ. ಯಾರ ಹೆಸರೂ ಬೇಡ. ನಿಮಗೆ ಮಾಹಿತಿ ಸಿಗದೇ ಇರುವವರು ಇದ್ದರೆ ಅವರ ಸಂಖ್ಯೆಯನ್ನೂ ದಯವಿಟ್ಟು ತಿಳಿಸಿ."